ಶ್ರಾವಣದಲ್ಲಿ ಹಿಡಿದ ಶೂನ್ಯ

ಮಲ್ಲಗಟ್ಟಿಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಅದರ ಅತ್ಯಂತ ಗಹನವಾದ ಅಧ್ಯಾಯ ಎಡಗೈಯೋ ಬಲಗೈಯೋ ಎಂಬ ಪ್ರಶ್ನೆಗೆ ಮೀಸಲಾಗಬೇಕು. ತಾಲೂಕು ಕಚೇರಿ ಪಕ್ಕದ ಊರಿನ ಪಾಲಾದಾಗಲೂ ಇಲ್ಲಿಯ ಜನ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಗಾಳಿಯಂತ್ರದ ಕಂಪನಿಯ ಆರುನೂರ ಹನ್ನೊಂದು ಗಂಡು ಕೆಲಸಗಾರರು ಮುಂಗೈಯ ಒಳಬದಿಗೆ ಒಂದು ಬಿಲ್ಲೆ ಅಂಟಿಸಿಕೊಳ್ಳಬೇಕಿತ್ತು. ಯಾವ ಕೈಗೆ? ಬಲಗೈಯಿಂದ ದೇವರಿಗೆ ಹೂವು ಏರಿಸುತ್ತೇವೆ, ಅಂಥ ಕೈಗೆ ಕುಡಿತದ ತಪಾಸಣೆಯ ವಸ್ತು ಸಲ್ಲದು ಎಂದು ಒಂದು ಪಕ್ಷ. ಗ್ಲಾಸು ಎತ್ತುವುದೂ ಅದೇ ಕೈ, ತಪಾಸಣೆ ನಡೆಯಬೇಕಾದದ್ದು ಅಲ್ಲಿಯೇ ಎಂದು ಇನ್ನೊಂದು ಪಕ್ಷ. ಎಡಚರು ಮೂವರಿದ್ದರು, ಅವರು ಪ್ರತ್ಯೇಕ ಮನವಿ ಕೊಟ್ಟರು. ಯೂನಿಯನ್ನು ಎರಡು ಸಭೆ ಕರೆದು, ವಾಚು ಕಟ್ಟುವ ಕೈಯೇ ಇರಲಿ ಎಂದು ಕೊನೆಗೆ ತೀರ್ಪು ಕೊಟ್ಟಿತು. ರಕ್ತ ಎರಡೂ ಕೈಯಲ್ಲಿ ಒಂದೇ ಎಂದು ಕಂಪನಿಯ ಡಾಕ್ಟರು ಅಚ್ಯುತ ಕೆದಿಲಾಯರು ಹೇಳಿದ್ದನ್ನು ಯಾರೂ ವಾದವೆಂದು ಗಣಿಸಲಿಲ್ಲ.

ಆ ಬಿಲ್ಲೆಗೆ ಕಾಗದದಲ್ಲಿ 'ಮದ್ಯಾಭ್ಯಾಸ ಅಪಾಯ ಸೂಚಕ' ಎಂಬ ಹೆಸರಿತ್ತು. ಊರು ಅದನ್ನು ಟಿಕಳಿ ಎಂದಿತು. ಹೆಂಗಸರು ಹಣೆಗೆ ಅಂಟಿಸುವ ಟಿಕಳಿಯಷ್ಟೇ ಗಾತ್ರ, ಅಷ್ಟೇ ತೆಳು. ಒಬ್ಬ ಈಗ ಕುಡಿದಿದ್ದಾನೋ ಇಲ್ಲವೋ ಎಂದು ಹೇಳುವ ಊದುಕೊಳವೆ ಅಜ್ಜನ ಕಾಲದ್ದು. ಟಿಕಳಿಯ ಕೆಲಸ ಬೇರೆ. ಮದ್ಯ ರಕ್ತಕ್ಕೆ ಇಳಿದಾಗಲೆಲ್ಲ ರಕ್ತಕಣಗಳ ಗೋಡೆಯಲ್ಲಿ ಒಂದು ಬಗೆಯ ಕೊಬ್ಬು ಹುಟ್ಟುತ್ತದೆ. ಕುಡಿದದ್ದು ಇಳಿದರೂ ಆ ಕೊಬ್ಬು ಮೂರು-ನಾಲ್ಕು ವಾರ ಅಲ್ಲೇ ಕೂತಿರುತ್ತದೆ, ಮದುವೆ ಮುಗಿದರೂ ಊರಿಗೆ ಹೋಗದ ಬೀಗರ ಹಾಗೆ. ಟಿಕಳಿ ಚರ್ಮದ ಕೆಳಗಿನ ರಸದಿಂದ ಅದನ್ನು ಮೂರು ವಾರ ಅಳೆದು ಒಂದು ಬಣ್ಣ ತೋರಿಸುತ್ತದೆ. ಹಸಿರಾದರೆ ಚಿಂತೆಯಿಲ್ಲ. ಹಳದಿಯಾದರೆ ಡಾಕ್ಟರರ ಹತ್ತಿರ ಮಾತು. ಕೆಂಪಾದರೆ ಮೂರು ತಿಂಗಳ ಚಿಕಿತ್ಸೆ, ಅಲ್ಲಿಯವರೆಗೆ ಎತ್ತರದ ಕೆಲಸವಿಲ್ಲ, ಕ್ರೇನಿಲ್ಲ. ಬೂದು ಬಣ್ಣ ಬಂದರೆ ಮಾತ್ರ ಅಪರಾಧ. ಟಿಕಳಿಯನ್ನು ಮೈಯಿಂದ ಕಿತ್ತು ಇನ್ನಾವುದಕ್ಕೋ ಅಂಟಿಸಲಾಗಿದೆ ಎಂದು ಅದರ ಅರ್ಥ.

ಹಿಂದೆ ಇದೇ ಕೆಲಸವನ್ನು ಹತ್ತು ಪ್ರಶ್ನೆಗಳ ಒಂದು ಹಾಳೆ ಮಾಡುತ್ತಿತ್ತು. ವಾರಕ್ಕೆ ಎಷ್ಟು ಸಲ, ಒಮ್ಮೆಗೆ ಎಷ್ಟು, ಸಾಕೆನಿಸಿದಾಗ ನಿಲ್ಲಿಸಲು ಆಗುತ್ತದೆಯೇ, ಕಡಿಮೆ ಮಾಡೆಂದು ಮನೆಯವರು ಹೇಳಿದ್ದುಂಟೇ ಎಂಬಂಥವು. ಜನ ಹತ್ತಕ್ಕೂ ಸಂತೋಷದಿಂದ ಸುಳ್ಳು ಉತ್ತರ ಬರೆಯುತ್ತಿದ್ದರು. ಕೆದಿಲಾಯರಿಗೆ ಅದು ಬೇಸರ ತಂದಿತ್ತು. ಚರ್ಮ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ. ನಂಬಿಕೆ ಸರಿಯಾದದ್ದೇ.

ಮೂರು ವಾರದ ಮೇಲೆ, ಕಾರ್ತೀಕದ ಕೊನೆಗೆ ಬಣ್ಣಗಳು ಬಂದವು. ಐನೂರ ತೊಂಬತ್ತಾರು ಹಸಿರು, ಹದಿನಾಲ್ಕು ಹಳದಿ, ಕೆಂಪು ಒಂದೂ ಇಲ್ಲ. ರಾಜ್ಯದಲ್ಲೇ ಇಂಥ ಸಭ್ಯ ಊರಿಲ್ಲ ಎಂದು ಕಂಪನಿಯ ಮುಖ್ಯ ಕಚೇರಿ ಅಭಿನಂದನಾ ಪತ್ರ ಕಳಿಸಿತು. ಆ ಸಂತೋಷಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರದ ಬಾರಿನಲ್ಲಿ ಕೂರಲು ಜಾಗ ಸಿಗದೆ ಕೆಲವರು ಹೊರಗಿನ ಕಟ್ಟೆಯ ಮೇಲೆ ಕೂತು ಸಂಭ್ರಮಿಸಿದರು.

ನಿಜವಾದ ಬದಲಾವಣೆ ಆದದ್ದು ಮನೆಗಳಲ್ಲಿ. ಅಲ್ಲಿಯವರೆಗೆ ಹೆಂಡತಿಯರ ಕೈಯಲ್ಲಿ ಒಂದು ವಾದವಿತ್ತು, ಗೆಲ್ಲದಿದ್ದರೂ ಸೋಲದಂಥ ವಾದ. ಈಗ ಗಂಡಸರು ಮಾತಾಡುವ ಗೋಜಿಗೇ ಹೋಗಲಿಲ್ಲ. ತೋಳು ಮಡಚಿ ಟಿಕಳಿ ತೋರಿಸಿದರು, ಆಯಿತು. ದಿನಾ ಕುಡಿಯುವವನಿಗೆ ವಿಜ್ಞಾನ ಇಷ್ಟು ಒಳ್ಳೆಯ ಮಾತು ಯಾವತ್ತೂ ಆಡಿರಲಿಲ್ಲ.

ಹಾಗೆ ತೋಳು ತೋರಿಸಿದವರಲ್ಲಿ ಚನ್ನವೀರನೂ ಒಬ್ಬ. ಗುಡ್ಡದ ಮೇಲೆ ಕಂಬ ನಿಲ್ಲಿಸಿ, ತೊಂಬತ್ತೆರಡು ಮೀಟರಿನ ರೆಕ್ಕೆಗಳನ್ನು ಎತ್ತಿ ಜೋಡಿಸುವ ಕ್ರೇನು ಅವನದು. ಈಗಿನ ಕ್ರೇನಿನಲ್ಲಿ ಯಾರೂ ಕೂರುವುದಿಲ್ಲ. ಬುಡದಲ್ಲಿರುವ ಗಾಜಿನ ಕೋಣೆಯೊಳಗೆ ಕುರ್ಚಿ, ಎದುರಿಗೆ ಪರದೆ, ಎರಡು ಕೈಗೆ ಎರಡು ಹಿಡಿಕೆ. ಗಾಳಿ ಬಿದ್ದಿರುವ ಚಳಿಗಾಲದಲ್ಲೇ ಈ ಕೆಲಸ ಮುಗಿಯಬೇಕು. ಹದಿನಾರು ವರ್ಷದಿಂದ ಆ ಕುರ್ಚಿಯಲ್ಲಿ ಕೂತವನು ಅವನೊಬ್ಬನೇ. ಬೇರೆ ಊರುಗಳ ಕ್ರೇನುಗಳನ್ನೆಲ್ಲ ಕಂಪನಿ ಹೈದರಾಬಾದಿನ ಒಂದೇ ಕೋಣೆಯಿಂದ ನಡೆಸತೊಡಗಿತ್ತು. ಮಲ್ಲಗಟ್ಟಿಯ ಕುರ್ಚಿ ಉಳಿದದ್ದು ಚನ್ನವೀರನ ಕೈಗುಣದಿಂದ. ಅದು ಒಂದು ತಿಂಗಳು ಖಾಲಿ ಬಿದ್ದರೆ ಅದೂ ಹೈದರಾಬಾದಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಅವನ ಹೆಂಡತಿ ನೀಲಾಂಬಿಕಾ, ಊರವರ ಬಾಯಲ್ಲಿ ನೀಲವ್ವ, ಅದೇ ಕಂಪನಿಯ ಅಳತೆ ವಿಭಾಗದಲ್ಲಿ ಟೆಕ್ನೀಷಿಯನ್. ಕಾರ್ಖಾನೆಯ ಪ್ರತಿಯೊಂದು ಮಾಪಕದ ಶೂನ್ಯವನ್ನು ಹೊಂದಿಸುವುದು ಅವಳ ಕೆಲಸ. ತಕ್ಕಡಿಯ ತಟ್ಟೆಯಲ್ಲಿ ಏನೂ ಇಲ್ಲದಾಗ ಮುಳ್ಳು ನಿಲ್ಲುವ ಜಾಗ ಶೂನ್ಯ. ತಟ್ಟೆಗೆ ಮೊದಲೇ ಹುಣಸೆಹಣ್ಣು ಮೆತ್ತಿಕೊಂಡಿದ್ದರೆ, ಆಮೇಲೆ ತೂಗಿದ್ದೆಲ್ಲ ತಪ್ಪು, ತಕ್ಕಡಿ ಎಷ್ಟೇ ಒಳ್ಳೆಯದಿರಲಿ. ಇದನ್ನು ಅವಳು ಹೊಸಬರಿಗೆ ವರ್ಷಕ್ಕೊಮ್ಮೆ ಪಾಠ ಮಾಡುತ್ತಿದ್ದಳು.

ಗಂಡ ದಿನಾ ಸಂಜೆ ತೆಗೆದುಕೊಳ್ಳುತ್ತಾನೆಂಬುದು ಅವಳಿಗೆ ಗೊತ್ತಿದ್ದ ವಿಷಯ. ಗಲಾಟೆಯಿಲ್ಲ, ಬೈಗುಳವಿಲ್ಲ, ಕೆಲಸಕ್ಕೆ ಒಂದು ದಿನವೂ ತಪ್ಪಿಸಿದವನಲ್ಲ. ಎಷ್ಟು ಎಂದರೆ "ಎರಡ" ಎನ್ನುತ್ತಿದ್ದ. ಅವಳೂ ಎರಡೆಂದೇ ಇಟ್ಟುಕೊಂಡಿದ್ದಳು. ಟಿಕಳಿ ಹಸಿರು ಬಂದ ದಿನ ಅವಳಿಗೆ ಸಮಾಧಾನವೇ ಆಯಿತು. ತನ್ನ ಇಷ್ಟು ವರ್ಷದ ಅನುಮಾನ ಸಣ್ಣತನವಿರಬೇಕು ಎಂದುಕೊಂಡು ಅಂದು ಅವನಿಗೆ ಬಿಸಿ ರೊಟ್ಟಿಯ ಜೊತೆ ಎಣಗಾಯಿ ಪಲ್ಯ ಮಾಡಿ ಬಡಿಸಿದಳು.

ಐನೂರ ತೊಂಬತ್ತಾರಕ್ಕೆ ಹದಿನಾಲ್ಕು ಕೂಡಿಸಿದರೆ ಆರುನೂರ ಹತ್ತು. ಉಳಿದ ಒಬ್ಬ ಫಕೀರಪ್ಪ ಕುರಡಗಿ. ಅವನ ಟಿಕಳಿ ಬೂದು.

ಫಕೀರಪ್ಪ ನೆಲದ ಮೇಸ್ತ್ರಿ. ಕ್ರೇನು ರೆಕ್ಕೆ ಎತ್ತುವಾಗ ಅದರ ತುದಿಗೆ ಕಟ್ಟಿದ ಹಗ್ಗ ಹಿಡಿದು, ಕೆಳಗೆ ನಿಂತು, ರೇಡಿಯೋದಲ್ಲಿ ಚನ್ನವೀರನಿಗೆ ದಾರಿ ಹೇಳುವವನು. ಹನ್ನೊಂದು ವರ್ಷದ ಹಿಂದೆ ಮಲ್ಲಗಟ್ಟಿಯಲ್ಲಿ ಕುಡುಕನೆಂದರೆ ಫಕೀರಪ್ಪ ಎಂದೇ ಲೆಕ್ಕವಿತ್ತು. ಕಂಬದ ತಳಪಾಯಕ್ಕೆ ತೋಡಿದ ಗುಂಡಿಯಲ್ಲಿ ಮಲಗಿದ್ದವನನ್ನು, ಕಾಂಕ್ರೀಟು ಸುರಿಯುವ ಮೊದಲು ಯಾರೋ ನೋಡಿ ಎಬ್ಬಿಸಿದ್ದರು. ಅಂದಿನಿಂದ ಅವನು ಹನಿ ಮುಟ್ಟಿರಲಿಲ್ಲ. ಊರು ಮಾತ್ರ ಅವನ ಕೆಲಸವನ್ನು ಬದಲಾಯಿಸಿರಲಿಲ್ಲ. ಕುಡಿಯುವ ಪ್ರತಿಯೊಬ್ಬನಿಗೂ 'ನಾನು ಅವನಷ್ಟಿಲ್ಲ' ಎಂದು ತೋರಿಸಲು ಒಬ್ಬ ಬೇಕಾಗುತ್ತಾನೆ. ಬಿಟ್ಟ ಮೇಲೂ ಫಕೀರಪ್ಪ ಆ ಹುದ್ದೆಯಲ್ಲಿ ಮುಂದುವರಿದಿದ್ದ.

ಹಾಗಾಗಿ ಅವನದು ಬೂದು ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಬದನೆಕಾಯಿಗೆ ಅಂಟಿಸಿರಬೇಕು ಎಂದು ಒಬ್ಬ, ಬದನೆಕಾಯಿ ಅಲ್ಲ ಅವರ ಮನೆಯ ಎಮ್ಮೆ ಕರುವಿಗೆ ಎಂದು ಇನ್ನೊಬ್ಬ. ಕಂಪನಿ ಅವನನ್ನು ಅಮಾನತು ಮಾಡಿ, ಮುಂದಿನ ಬುಧವಾರ ವಿಚಾರಣೆ ಎಂದು ನೋಟೀಸು ಕೊಟ್ಟಿತು. ಮೋಸ ರುಜುವಾದರೆ ಕೆಲಸದಿಂದ ವಜಾ. ಅವನ ವಯಸ್ಸು ಐವತ್ತಮೂರು.

ಅವನು ಯೂನಿಯನ್ನಿಗೆ ಹೋಗಲಿಲ್ಲ, ನೇರ ಅಳತೆ ವಿಭಾಗಕ್ಕೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ತುದಿಯಲ್ಲಿ ಕೂತ.

"ತಂಗಿ, ನಾ ಕುಡೀತಿದ್ದಾಗ ಯಾರೂ ನನ್ನ ಕೆಲಸಾ ತಗೀಲಿಲ್ಲ. ಬಿಟ್ಟ ಮ್ಯಾಲೆ ತಗದ್ರು," ಎಂದ. "ಅದು ಯಾವ ನ್ಯಾಯ ಅಂತ ಕೇಳಾಕ ಬಂದಿಲ್ಲ. ನಿನ್ನ ಮಷಿನ್ ಸರಿ ಐತೋ ಇಲ್ಲೋ, ಅಷ್ಟ ನೋಡಿ ಹೇಳು."

ಮೂರು ವಾರ ಕಾಯದೆ ಅರ್ಧ ತಾಸಿನಲ್ಲಿ ಒರಟು ಉತ್ತರ ಕೊಡುವ ಪರೀಕ್ಷಾ ಟಿಕಳಿಗಳು ಅವಳ ಬಳಿ ಇದ್ದವು. ಒಂದನ್ನು ಅವನ ಕೈಗೆ ಅಂಟಿಸಿದಳು. ಬೂದು. ಬೇರೆ ಪೆಟ್ಟಿಗೆಯಿಂದ ಇನ್ನೊಂದು. ಅದೂ ಬೂದು. ಅವನು ತನ್ನ ತೋಳಿನ ಕಡೆ ನೋಡುತ್ತ ಕೂತಿದ್ದ, ಅದು ತನ್ನದೇ ಹೌದೋ ಅಲ್ಲವೋ ಎಂಬಂತೆ. ಆಗ ಅವಳಿಗೆ, ಮೊದಲೇ ಹೊಳೆಯಬೇಕಾಗಿದ್ದದ್ದು ಹೊಳೆಯಿತು. ಮೂರನೆಯದನ್ನು ತನ್ನ ಕೈಗೆ ಅಂಟಿಸಿಕೊಂಡಳು. ಹೆಂಗಸರು ಈ ಯೋಜನೆಯಲ್ಲಿ ಇರಲಿಲ್ಲ; ಅವಳ ಜನ್ಮದಲ್ಲಿ ಕುಡಿದ ಮದ್ಯವೆಂದರೆ ಕೆಮ್ಮಿನ ಔಷಧಿಯಲ್ಲಿ ಇದ್ದಷ್ಟು. ಅರ್ಧ ತಾಸಿನ ಮೇಲೆ ಅವಳದೂ ಬೂದಾಯಿತು.

ಕೆದಿಲಾಯರನ್ನು ಕರೆಸಿದಳು. ಪುತ್ತೂರಿನ ಕಡೆಯ ಆ ಮನುಷ್ಯ ಕಾಫಿಗೆ ಸಕ್ಕರೆಯನ್ನೂ ಹಾಕದ ಶಿಸ್ತುಗಾರ. ಅವರೂ ಒಂದನ್ನು ಅಂಟಿಸಿಕೊಂಡರು. ಬಣ್ಣ ಬಂದಾಗ ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಆಮೇಲೆ ಬಲಗೈಯ ಬೆರಳುಗಳಿಂದ ತಮ್ಮ ನಾಡಿ ಹಿಡಿದುಕೊಂಡರು.

"ಇದರ ಪ್ರಕಾರ ನಾವು ಮೂವರೂ ಬದನೆಕಾಯಿ ಮಾರಾಯ್ರೆ," ಎಂದರು.

ಫಕೀರಪ್ಪ ಆ ಹೊತ್ತಿಗೆ ಮೊದಲ ಸಲ ನಕ್ಕ.

ತಪ್ಪು ಟಿಕಳಿಯಲ್ಲಿರಲಿಲ್ಲ, ಶೂನ್ಯದಲ್ಲಿತ್ತು. ಅಳತೆ ಶೂನ್ಯಕ್ಕಿಂತ ಕೆಳಗಿಳಿದರೆ ಇದು ಮನುಷ್ಯನ ಮೈಯೇ ಅಲ್ಲ ಎಂದು ಟಿಕಳಿ ಬೂದಾಗುತ್ತಿತ್ತು. ಶೂನ್ಯ ಹಿಡಿಯಲು ಆ ಊರಿನ ಅನ್ನ-ನೀರು ಉಂಡ, ಮದ್ಯ ಮುಟ್ಟದ ನಲವತ್ತು ಗಂಡಸರು ಬೇಕಾಗಿದ್ದರು. ಅಂಥವರನ್ನು ಹುಡುಕಲು ಮೂರು ತಿಂಗಳಾದರೂ ಬೇಕೆಂದು ಕೆದಿಲಾಯರು ಅಂದಾಜು ಹಾಕಿದ್ದರು. ಮೂರು ದಿನದಲ್ಲಿ ಸಿಕ್ಕರು. ಮಠದ ಪ್ರವಚನಕ್ಕೆ ಬಂದವರಲ್ಲೇ ಸಿಕ್ಕರು, ಸ್ನಾನ ಮಾಡಿ, ವಿಭೂತಿ ಧರಿಸಿ, ಸಾಲಾಗಿ. ಪ್ರತಿಯೊಬ್ಬನೂ ತಾನು ಕುಡಿಯುವುದಿಲ್ಲವೆಂದು ಸಹಿ ಮಾಡಿದ, ಪ್ರತಿ ಮನೆಯಿಂದ ಒಬ್ಬರು ಸಾಕ್ಷಿ ಹಾಕಿದರು. ನೀಲಾಂಬಿಕಾ ಈಗ ಆ ಕಡತ ತೆಗೆದು ತಾರೀಖು ನೋಡಿದಳು. ಶ್ರಾವಣ ಶುದ್ಧ ಬಿದಿಗೆಯಿಂದ ಚೌತಿಯವರೆಗೆ.

"ಸರ್, ನಿಮ್ಮ ಕಡೆ ಶ್ರಾವಣಾ ಹಿಡೀತಾರೇನ್ರಿ?" ಎಂದು ಕೇಳಿದಳು.

ತಮ್ಮ ಕಡೆ ಅದು ತಿಂಗಳಿನ ಹೆಸರು, ಹಿಡಿಯುವಂಥದ್ದೇನೂ ಅಲ್ಲ ಎಂದು ಅವರು ಹೇಳಿದರು. ಅವಳು ವಿವರಿಸಿದಳು. ಇಲ್ಲಿಯ ಗಂಡಸರು ಶ್ರಾವಣ ಮಾಸ ಪೂರ್ತಿ ಬಾಟಲಿ ಮುಟ್ಟುವುದಿಲ್ಲ. ಹಾಗಾಗಿ ಹಿಂದಿನ ನಾಗರ ಅಮಾವಾಸ್ಯೆಯ ದಿನ ಬರುವ ತಿಂಗಳಿನದನ್ನೂ ಸೇರಿಸಿ ಕುಡಿಯುತ್ತಾರೆ. ಮರುದಿನ ತಲೆಯ ಮೇಲೆ ನೀರು ಬಿದ್ದರೆ ಹಿಂದಿನದೆಲ್ಲ ಹೋಯಿತು. ಅವನು ಕುಡಿಯದವನು, ಹೆಂಡತಿ ದೇವರ ಮುಂದೆ ಕೂಡ ಹಾಗೆಂದು ಹೇಳಬಲ್ಲಳು. ನೀರು ಬಿದ್ದದ್ದು ತಲೆಗೆ, ರಕ್ತಕಣಗಳಿಗೆ ಆ ಸುದ್ದಿ ತಲುಪಲು ನಾಲ್ಕು ವಾರ ಬೇಕಿತ್ತು. ನಲವತ್ತರಲ್ಲಿ ಕಂಪನಿಗೆ ಸೇರದ ಆರು ಜನರ ಅಂಕಿ ತೀರಾ ಕಡಿಮೆ ಬಂದಿತ್ತು, ನಿಜಕ್ಕೂ ಕುಡಿಯದವರಿರಬೇಕು. ಅವರನ್ನು ಗಣಕವೇ ದೋಷವೆಂದು ಕೈಬಿಟ್ಟಿತ್ತು.

ಕೆದಿಲಾಯರು ಪಟ್ಟಿಯ ಸಹಿಗಳನ್ನು ಒಂದೊಂದಾಗಿ ಎಣಿಸಿದರು. "ಹಾಗಾದ್ರೆ ಮೂವತ್ತನಾಲ್ಕು ಜನ ನನ್ನ ಎದುರು ಕೂತು ಸುಳ್ಳು ಹೇಳಿದ್ರಾ?"

"ಒಬ್ಬರೂ ಹೇಳಿಲ್ರಿ ಸರ್. ಶ್ರಾವಣದಾಗ ಸುಳ್ಳ ಹೇಳಂಗಿಲ್ಲ."

ಪ್ರಶ್ನೆಗಳ ಕಾಟ ತಪ್ಪಲೆಂದು ಕಟ್ಟಿದ ಯಂತ್ರ ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿತ್ತು, ಆ ಪ್ರಶ್ನೆಯನ್ನು ತಪ್ಪು ವಾರದಲ್ಲಿ ಕೇಳಲಾಗಿತ್ತು. ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಚನ್ನವೀರನದು. ಪಕ್ಕದಲ್ಲಿ ಸಾಕ್ಷಿಯ ಸಹಿ, ದುಂಡಗೆ, ನೀಲಾಂಬಿಕಾಳದು. ಶೂನ್ಯದ ಪಾಠ ಮಾಡುವವಳು ತಟ್ಟೆಯ ಮೇಲಿನ ಹುಣಸೆಹಣ್ಣಿಗೆ ತಾನೇ ಸಹಿ ಹಾಕಿದ್ದಳು.

ಶೂನ್ಯವನ್ನು ರದ್ದು ಮಾಡಲು ಊರಿನ ರೂಢಿಯ ಕಥೆ ಸಾಲದೆಂದು ಮುಖ್ಯ ಕಚೇರಿ ಉತ್ತರಿಸಿತು. ನಲವತ್ತರಲ್ಲಿ ಒಬ್ಬನ ಸಾಕ್ಷಿಯಾದರೂ ಹೆಸರು ಹಿಡಿದು, ತನ್ನ ಸಹಿ ತಪ್ಪು ಎಂದು ಬರೆದುಕೊಡಬೇಕು. ನೀಲಾಂಬಿಕಾ ಮೊದಲು ಮಾಡಿದ್ದು ಧೈರ್ಯದ ಕೆಲಸವಲ್ಲ; ಬೇರೆ ಯಾರಾದರೂ ಬರೆದಾರೇ ಎಂದು ಮೂರು ಮನೆಗೆ ಹೋಗಿ ಬಂದಳು. ಮೂರೂ ಕಡೆ ಚಹಾ ಕೊಟ್ಟರು. ನಮ್ಮ ಮನೆಯವರು ಕುಡಿಯುವುದಿಲ್ಲ, ತೆಗೆದುಕೊಳ್ಳುತ್ತಾರೆ ಅಷ್ಟೇ ಎಂದು ಒಬ್ಬಾಕೆ ತಿದ್ದಿದಳು. ಇನ್ನೊಬ್ಬಾಕೆ, ನಿಮ್ಮವರದೂ ಪಟ್ಟಿಯಲ್ಲಿ ಐತಲ್ರಿ ಎಂದು ನಯವಾಗಿ ಕೇಳಿದಳು.

ಭಾನುವಾರ ಬೆಳಿಗ್ಗೆ ಚನ್ನವೀರ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ. ಅವಳು ಅವನ ಸ್ಟೀಲಿನ ಲೋಟವನ್ನೂ ಖಾಲಿ ಬಾಟಲಿಗೆ ನೀರು ತುಂಬಿ ಅದನ್ನೂ ತಂದಿಟ್ಟಳು. ಪಕ್ಕದಲ್ಲಿ ಅಳತೆ ವಿಭಾಗದ ಗಾಜಿನ ಜಾಡಿ, ಮಿಲಿಲೀಟರಿನ ಗೆರೆಗಳಿದ್ದದ್ದು.

"ಒಂದ ಹಾಕ್ರಿ. ದಿನಾ ಹಾಕೋ ಹಂಗ," ಎಂದಳು.

ಇದೆಂಥ ಆಟವೆಂದು ಅವನು ನಕ್ಕ, ಆದರೂ ಹಾಕಿದ. ಕೈಗೆ ಅಭ್ಯಾಸವಿತ್ತು, ನೋಡದೆ ಹಾಕಿ ನೋಡದೆ ನಿಲ್ಲಿಸಿದ. ಅವಳು ಅದನ್ನು ಜಾಡಿಗೆ ಸುರಿದಳು. ನೂರ ಮೂವತ್ತೈದು. ಇನ್ನೊಮ್ಮೆ ಹಾಕಿಸಿದಳು. ನೂರ ನಲವತ್ತು. ಡಾಕ್ಟರರ ಹಾಳೆಯಲ್ಲಿ 'ಒಂದು' ಎಂದರೆ ಮೂವತ್ತು. ಅವನ ಎರಡು, ಹಾಳೆಯ ಒಂಬತ್ತು.

"ಅದು ದವಾಖಾನಿ ಅಳತಿ," ಎಂದ ಚನ್ನವೀರ. "ಔಷಧ ಕುಡಿಯೋರದು."

ಅವಳು ಆ ಮಾತಿಗೆ ನಗಲಿಲ್ಲ. ಟಿಕಳಿಯ ಕಥೆ, ಪಟ್ಟಿಯ ಕಥೆ, ಬುಧವಾರದ ವಿಚಾರಣೆ ಎಲ್ಲವನ್ನೂ ಹೇಳಿದಳು. ಅವನು ಪೇಪರು ಮಡಿಸಿಟ್ಟ. ತಾನು ಪ್ರತಿ ವರ್ಷ ಶ್ರಾವಣದಲ್ಲಿ ಮೂವತ್ತು ದಿನ ಬಿಡುತ್ತೇನೆ, ಚಟವಿದ್ದವನಿಗೆ ಅದು ಆಗುತ್ತದೆಯೇ ಎಂದು ಕೇಳಿದ. ಇದು ಅವನ ದೊಡ್ಡ ವಾದ. ಇಷ್ಟು ವರ್ಷ ಅವಳು ಇದಕ್ಕೆ ಉತ್ತರ ಕೊಟ್ಟಿರಲಿಲ್ಲ.

"ಮೊದಲ ನಾಕ ದಿನ ನಿಮ್ಮ ಕೈಯಾಗ ಚಾದ ಕಪ್ಪು ನಿಲ್ಲಂಗಿಲ್ಲ," ಎಂದಳು. "ಮೈಯೆಲ್ಲಾ ಬೆವರು, ನಿದ್ದಿಲ್ಲ. ಉಪಾಸದ ನಿತ್ರಾಣ ಅಂತ ನೀವೂ ಅಂದ್ರಿ, ನಾನೂ ಅಂದೆ. ಉಪಾಸ ನಾನೂ ಮಾಡ್ತೇನ್ರಿ. ನನ್ನ ಕೈ ನಡಗಂಗಿಲ್ಲ."

"ಹಂಗಂದ್ರ ನಾ ಕುಡುಕ ಏನು?"

"ಹಂಗ ಅಂದಿಲ್ಲ. ನೀವು ಎಲ್ಲಿ ನಿಂತೀರಿ ಅನ್ನೂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ಬರೂ ಫಕೀರಣ್ಣನ ನೋಡಿಕೋತ ಅಳತಿ ಮಾಡೀವಿ."

ಬರೆದುಕೊಟ್ಟರೆ ಕುರ್ಚಿ ಹೋಗುತ್ತದೆ, ಒಮ್ಮೆ ಹೋದರೆ ಹೈದರಾಬಾದಿನಿಂದ ವಾಪಸು ಬರುವುದಿಲ್ಲ ಎಂದು ಅವನು ಹೇಳಿದ. ಅದು ಬೆದರಿಕೆಯಾಗಿರಲಿಲ್ಲ, ನಿಜವಾಗಿತ್ತು. ಬರೆಯದಿದ್ದರೆ ಫಕೀರಪ್ಪನ ಕೆಲಸ ಹೋಗುತ್ತದೆ ಎಂದು ಅವಳು ಹೇಳಿದಳು. ಅದೂ ನಿಜ. ಮಗಳು ಒಳಗಿನಿಂದ ಬಂದು ಜಾಡಿ, ಬಾಟಲಿ, ಅಪ್ಪ, ಅವ್ವ ಎಲ್ಲರನ್ನೂ ನೋಡಿ ಮತ್ತೆ ಒಳಗೆ ಹೋದಳು.

ಅವಳ ಬಳಿ ಇನ್ನೊಂದು ಅಂಕಿ ಇತ್ತು. ಕ್ರೇನಿನ ಗಣಕದಲ್ಲಿ 'ಸಾವಧಾನ' ಎಂಬ ವ್ಯವಸ್ಥೆಯಿದೆ. ಹಿಡಿಕೆ ಹಿಡಿದ ಕೈ ಸಣ್ಣಗೆ ಅಲುಗಿದರೆ, ಆ ಅಲುಗಾಟವನ್ನು ಸೋಸಿ, ಬೇಕಾದ ಚಲನೆಯನ್ನು ಮಾತ್ರ ಕೊಕ್ಕೆಗೆ ಕಳಿಸುತ್ತದೆ, ಹಿಟ್ಟಿನಿಂದ ತೌಡು ತೆಗೆದಂತೆ. ನೂರರಲ್ಲಿ ಎಷ್ಟನ್ನು ಸೋಸಿತೆಂದು ದಾಖಲೂ ಇಡುತ್ತದೆ. ಐದು ವರ್ಷದ ಹಿಂದೆ ಚನ್ನವೀರನ ಕೈಯದು ನಾಲ್ಕು. ಈ ತಿಂಗಳು, ಬೆಳಗಿನ ಮೊದಲ ತಾಸಿನಲ್ಲಿ, ಹತ್ತೊಂಬತ್ತು. ಅಂಕಿ ಅವಳ ಮೇಜಿನ ಮೇಲೆ ಪ್ರತಿ ತಿಂಗಳೂ ಬರುತ್ತಿತ್ತು. ಹಿಡಿಕೆಯ ಸ್ಪ್ರಿಂಗು ಹಳತಾಗಿದೆ ಎಂದು ಅವಳು ಎರಡು ಸಲ ಸ್ಪ್ರಿಂಗು ಬದಲಿಸಿದ್ದಳು.

ಇದನ್ನು ಹೇಳಿದಾಗ ಮಾತ್ರ ಅವನ ಮುಖ ಕೆಂಪಾಯಿತು. ಕುಡಿತದ ಮಾತನ್ನು ಅವನು ತಡೆದುಕೊಂಡಿದ್ದ. ಕೈಯ ಮಾತು ಬೇರೆ. ಸಾವಧಾನ ಇರುವುದು ಗಾಳಿಗೆ, ತನಗಲ್ಲ ಎಂದ. ನಾಳೆ ಬೆಳಿಗ್ಗೆ ಅದನ್ನು ತೆಗೆದು ನೋಡೋಣ ಎಂದು ಅವನೇ ಅಂದ.

"ಕೊಕ್ಕಿ ಗೆರಿ ದಾಟಲಿಲ್ಲ ಅಂದ್ರ ನೀ ಬರಿಯಂಗಿಲ್ಲ. ದಾಟ್ತು ಅಂದ್ರ ಬರಿ."

ಅವಳು ಒಪ್ಪಿಕೊಂಡಳು. ಒಪ್ಪಿದ್ದು ಸರಿಯೇ ಎಂದು ಆಮೇಲೆ ಯೋಚಿಸಿದಳು, ಏಕೆಂದರೆ ಕೊಕ್ಕೆ ದಾಟದಿದ್ದರೆ ಫಕೀರಪ್ಪನಿಗೆ ಏನು ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ಕೈಯನ್ನು ನಂಬಬೇಕೆಂಬ ಆಸೆ ಅವಳಲ್ಲಿ ಇನ್ನೂ ಇತ್ತು.

ಮೂರು ತಿಂಗಳಿಗೊಮ್ಮೆ ಸಾವಧಾನ ತೆಗೆದು ಹಿಡಿಕೆ ಪರೀಕ್ಷಿಸುವುದು ಅಳತೆ ವಿಭಾಗದ ನಿಯಮವೇ. ಸೋಮವಾರ ಬೆಳಿಗ್ಗೆ ಆರೂವರೆಗೆ, ಪಾಳಿ ಶುರುವಾಗುವ ಮೊದಲು, ಇಬ್ಬರೂ ಗುಡ್ಡ ಹತ್ತಿದರು. ಗಾಳಿ ಇರಲಿಲ್ಲ, ನಿಂತ ಹಳೆಯ ರೆಕ್ಕೆಗಳು ಕೂಡ ನಿದ್ದೆಯಲ್ಲಿದ್ದಂತಿದ್ದವು. ಕ್ರೇನಿಗೆ ಖಾಲಿ ಕೊಕ್ಕೆ. ಅದರ ಕೆಳಗೆ ಯಾರೂ ಇಲ್ಲವೆಂದು ನೋಡಿ, ಬೇಲಿಗೆ ಬೀಗ ಹಾಕಿ, ನೆಲದ ಮೇಲೆ ಸುಣ್ಣದಲ್ಲಿ ಒಂದು ಮೊಳದ ಸುತ್ತು ಎಳೆದು ಅವಳು ಗಾಜಿನ ಕೋಣೆಗೆ ಬಂದಳು. ಕೊಕ್ಕೆಯನ್ನು ಒಂದು ಆಳೆತ್ತರಕ್ಕೆ ಇಳಿಸಿ, ಸುತ್ತಿನ ಮೇಲೆ ಎರಡು ನಿಮಿಷ ಹಿಡಿದಿರಬೇಕು. ಕ್ರೇನಿನ ತೋಳಿನ ತುದಿ ಸ್ವಲ್ಪ ಜಾರುವಂತೆ ಪರೀಕ್ಷೆಯಲ್ಲೇ ಏರ್ಪಾಡಿದೆ; ಜಾರಿದಷ್ಟನ್ನು ಕೈ ತಿದ್ದುತ್ತಿರಬೇಕು. ಹದಿನಾರು ವರ್ಷದ ಹಿಂದೆ ಈ ಕುರ್ಚಿಗಾಗಿ ಕೊಟ್ಟ ಪರೀಕ್ಷೆಯಲ್ಲಿ ಅವನು ಕೊಕ್ಕೆಯನ್ನು ಒಂದು ತೆಂಗಿನಕಾಯಿಯ ಮೇಲೆ ಹಿಡಿದು, ಕಾಯಿ ಉರುಳದಂತೆ ಮುಟ್ಟಿಸಿ ತೆಗೆದಿದ್ದ. ಅದನ್ನು ನೋಡಿದವರಲ್ಲಿ ಅವಳೂ ಒಬ್ಬಳು. ಮದುವೆಯ ಮಾತು ಶುರುವಾದದ್ದು ಆಮೇಲೆ.

ಅವಳು ಸಾವಧಾನ ತೆಗೆದಳು.

ಪರದೆಯ ಮೇಲೆ ಮೇಲಿನ ಕ್ಯಾಮೆರಾದ ಚಿತ್ರ. ಮೊದಲ ಹತ್ತು ಸೆಕೆಂಡು ಕೊಕ್ಕೆ ನಿಂತಿತ್ತು. ಆಮೇಲೆ ಅದು ಸುತ್ತಿನೊಳಗೆ ತಿರುಗಾಡತೊಡಗಿತು, ಕನ್ನಡಕ ಕಳೆದುಕೊಂಡವರು ಮೇಜಿನ ಮೇಲೆ ತಡಕಾಡುವ ಹಾಗೆ. ಗೆರೆ ಮುಟ್ಟಿತು. ದಾಟಿತು. ಅವನು ಎಳೆದುಕೊಂಡ, ಎಳೆದದ್ದು ಹೆಚ್ಚಾಗಿ ಆ ಕಡೆಯ ಗೆರೆ ದಾಟಿತು. ಅವನ ಹಣೆಯಲ್ಲಿ ಬೆವರು ಬಂದಿತ್ತು, ಡಿಸೆಂಬರಿನ ಬೆಳಿಗ್ಗೆ. ಎರಡು ನಿಮಿಷದಲ್ಲಿ ಏಳು ಸಲ.

ಚಳಿಗೆ ಬೆರಳು ಮರಗಟ್ಟಿವೆ ಎಂದು ಅವನು ಕೈ ಉಜ್ಜಿಕೊಂಡ. ಇನ್ನೊಮ್ಮೆ ಎಂದ. ಅವಳು ಇನ್ನೊಮ್ಮೆ ಕೊಟ್ಟಳು. ಹನ್ನೊಂದು ಸಲ.

ಮೂರನೆಯ ಸಲ ಅವನು ಕೇಳಲಿಲ್ಲ. ಹಿಡಿಕೆ ಬಿಟ್ಟು ಎರಡೂ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆ ನೋಡುತ್ತ ಕೂತ. ಕೊಕ್ಕೆ ಖಾಲಿಯಿದ್ದಾಗ ಇಷ್ಟು. ಅದಕ್ಕೆ ರೆಕ್ಕೆ ಕಟ್ಟಿದ್ದರೆ, ಬುಡದಲ್ಲಿ ಒಂದು ಮೊಳ ಅಲುಗಿದ್ದು ತೊಂಬತ್ತೆರಡು ಮೀಟರಿನ ಆ ತುದಿಯಲ್ಲಿ ಎಷ್ಟಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಣಕ ಒಂದು ದಿನ ಕೈಕೊಟ್ಟರೆ ಏನೆಂಬುದನ್ನೂ. ಇಷ್ಟು ದಿನ ಎತ್ತಿದ್ದು ಅವನೋ, ಅದೋ ಎಂಬುದು ಮಾತ್ರ ಅವನಿಗೆ ಹೊಸ ಪ್ರಶ್ನೆ.

"ಫಕೀರಪ್ಪ ಎಲ್ಲಿ ನಿಲ್ತಾನ?" ಎಂದು ಕೇಳಿದ.

ಪ್ರತಿದಿನ ರೇಡಿಯೋದಲ್ಲಿ ಅವನ ಜೊತೆ ಮಾತಾಡುವವನು ಚನ್ನವೀರ. ಆದರೂ ಕೇಳಿದ. ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಸುಣ್ಣದ ಸುತ್ತಿನಿಂದ ನಾಲ್ಕು ಹೆಜ್ಜೆ.

ಅವನು ಸ್ವಲ್ಪ ಹೊತ್ತು ಆ ಜಾಗವನ್ನೇ ನೋಡಿದ.

"ಬರಿ," ಎಂದ.

ಅವಳು ಅಲ್ಲಿಯೇ, ಗಾಜಿನ ಕೋಣೆಯಲ್ಲಿ, ಪರೀಕ್ಷಾ ವರದಿಯ ಹಿಂಬದಿಯಲ್ಲಿ ಐದು ಸಾಲು ಬರೆದಳು. ಪಟ್ಟಿಯ ಹದಿನೇಳನೆಯವರು ನನ್ನ ಪತಿ. ಅವರು ವರ್ಷದ ಹನ್ನೊಂದು ತಿಂಗಳು ದಿನವೂ ಕುಡಿಯುತ್ತಾರೆ. ಇದು ನನಗೆ ತಿಳಿದಿತ್ತು. ನನ್ನ ಸಾಕ್ಷಿ ತಪ್ಪು. ಆ ಶೂನ್ಯದ ಮೇಲೆ ಅಳೆದ ಎಲ್ಲವೂ ತಪ್ಪು. ಅವನು ಓದಿದ. ದಿನವೂ ಎಂಬ ಮಾತಿನ ಮೇಲೆ ಬೆರಳು ನಿಂತಿತು, ಆದರೆ ತಿದ್ದು ಎನ್ನಲಿಲ್ಲ.

ಕೆದಿಲಾಯರು ಕಾಗದ ಓದಿ ಚನ್ನವೀರನನ್ನು ಕರೆಸಿದರು. ಉಪದೇಶ ಮಾಡಲಿಲ್ಲ. ಈ ಪ್ರಮಾಣದವರು ಒಮ್ಮೆಲೇ ಬಿಡುವುದೂ ಅಪಾಯ, ಪ್ರತಿ ಶ್ರಾವಣದ ಆ ಮೊದಲ ದಿನಗಳಲ್ಲಿ ನೀವು ಬದುಕಿದ್ದು ಅದೃಷ್ಟ ಮಾರಾಯ್ರೆ ಎಂದು ಹೇಳಿ, ಗದಗಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮೂವತ್ತು ದಿನದ ಆ ವ್ರತವನ್ನೇ ಇಷ್ಟು ವರ್ಷ ತನ್ನ ಆರೋಗ್ಯದ ಸರ್ಟಿಫಿಕೇಟು ಎಂದು ಹಿಡಿದುಕೊಂಡಿದ್ದ ಚನ್ನವೀರ ಚೀಟಿಯನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟುಕೊಂಡ.

ಮಂಗಳವಾರ ಹಳೆಯ ಶೂನ್ಯ ರದ್ದಾಯಿತು, ಅದರೊಂದಿಗೆ ಬುಧವಾರದ ವಿಚಾರಣೆಯೂ. ಹೊಸದನ್ನು ರೆಕ್ಕೆ ತೀಡುವ ವಿಭಾಗದ ಇಪ್ಪತ್ತಾರು ಹೆಂಗಸರು, ಮೊದಲು ದೋಷವೆಂದು ಬಿಟ್ಟಿದ್ದ ಆರು ಗಂಡಸರು, ಕಂಪನಿಯ ಹೊರಗಿನ, ದರ್ಗಾ ಓಣಿಯ ಏಳು ಜನ ಮತ್ತು ಫಕೀರಪ್ಪನ ಮೇಲೆ ಹಿಡಿದರು. ಈ ಸಲದ ಫಾರಮ್ಮಿನಲ್ಲಿ ಹನ್ನೆರಡು ತಿಂಗಳ ಹೆಸರೂ ಇದ್ದವು, ಒಂದೊಂದರ ಮುಂದೆ ಒಂದೊಂದು ಸಹಿ. ನೀಲಾಂಬಿಕಾಳಿಗೆ ತಪ್ಪು ಸಾಕ್ಷಿಗಾಗಿ ಲಿಖಿತ ಎಚ್ಚರಿಕೆ ಬಂತು. ಅವಳು ಅದನ್ನು ಕಡತಕ್ಕೆ ಸೇರಿಸಿದಳು. ಮೂರು ವಾರದ ಮೇಲೆ ಬಣ್ಣಗಳು ಬಂದಾಗ ಮೊದಲು ಮುಖ್ಯ ಕಚೇರಿ ಸುಮ್ಮನಾಯಿತು, ಆಮೇಲೆ ಊರು.

ಆರುನೂರ ಹನ್ನೊಂದರಲ್ಲಿ ಇನ್ನೂರ ಎಂಟು ಹಸಿರು, ಇನ್ನೂರ ತೊಂಬತ್ತು ಹಳದಿ, ನೂರ ಹದಿಮೂರು ಕೆಂಪು. ಫಕೀರಪ್ಪನದು ಹಸಿರು, ಅವನು ಕೆಲಸಕ್ಕೆ ಮರಳಿದ. ಚನ್ನವೀರನದು ಕೆಂಪು. ಮೂರು ತಿಂಗಳ ಚಿಕಿತ್ಸೆಯ ಕೊನೆಗೆ ಅದು ಹಳದಿಗೆ ಬಂತು. ಕ್ರೇನಿನ ಕುರ್ಚಿ ಅಷ್ಟರಲ್ಲಿ ಹೈದರಾಬಾದಿಗೆ ಹೋಗಿತ್ತು. ಅವನು ಈಗ ನೆಲದ ಮೇಲೆ, ಫಕೀರಪ್ಪನ ಕೈಕೆಳಗೆ, ಹಗ್ಗ ಹಿಡಿಯುವ ಕೆಲಸದಲ್ಲಿದ್ದಾನೆ.